ಬಾಟಲಿಯೊಳಗಿನ ಗಟಾರದ ನೀರು

ಕಿರಾಣಿ ಅಂಗಡಿಯಲ್ಲಿ ಕೂತವನು ನಗಲಿಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಉಪ್ಪು ಒಯ್ಯಲು ಬಂದವರೇ ನಗು ತಂದು ಕೊಟ್ಟು ಹೋಗುತ್ತಾರೆ. ಸಿಂಧನೂರಿನ ನಮ್ಮ ಓಣಿಯ ನನ್ನ ಅಂಗಡಿಯಲ್ಲಂತೂ ಅದಕ್ಕೆ ಬರವಿರಲಿಲ್ಲ.

೧. ಬಾಟಲಿ

ಸಾರಾಯಿಯನ್ನು ಪಾಕೀಟಿನಲ್ಲಿ ಮಾರುತ್ತಿದ್ದ ಕಾಲ ಅದು. ಓಣಿಯಲ್ಲಿ ವಾಂತಿಭೇದಿ ಶುರುವಾದಾಗ ಸರ್ಕಾರದವರು ಬಂದು ಗಟಾರದ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋದರು. ಪಕ್ಕದ ದರ್ಜಿ ಹೊಲಿಗೆ ಬಿಟ್ಟು ಓಡಿ ಬಂದ.

"ಸಾವ್ಕಾರ್ರ, ಆ ಹೊಲಸು ನೀರು ಎದಕ್ಕ ಒಯ್ದರ್ರೀ?"

ಕುಡಿಯೋದು ಬಿಟ್ಟೆನೆಂದು ಅವನು ಮಗಳ ತಲೆ ಮುಟ್ಟಿ ಆಣೆ ಮಾಡಿ ತಿಂಗಳೂ ಆಗಿರಲಿಲ್ಲ. ಆಣೆ ಮುರಿದರೆ ಮಸ್ಕಿಯ ತವರಿಗೆ ಹೋಗುತ್ತೇನೆಂದು ಹೆಂಡತಿ ಹೇಳಿಟ್ಟಿದ್ದಳು.

"ಯಾರ ಮನ್ಯಾಗ ಸಾರಾಯಿ ಕುಡಿತಾರ ಅಂತ ನೋಡಾಕ. ಬಚ್ಚಲ ನೀರು ಸುಳ್ಳು ಹೇಳಂಗಿಲ್ಲ ನೋಡಪಾ," ಎಂದೆ, ನಗು ತಡೆದುಕೊಂಡು.

ಅವನು ನಗಲಿಲ್ಲ. "ನಿನ್ನೆ ಕುಡಿದದ್ದೂ ಗೊತ್ತಾಗತೈತೇನ್ರಿ?"

೨. ಫಿನಾಯಿಲ್

ಮರುದಿನ ದರ್ಜಿ ಒಂದು ಬಾಟಲಿ ಫಿನಾಯಿಲ್ ಒಯ್ದ. ಅವನ ಬಾಯಿಂದ ಸುದ್ದಿ ಕೇಳಿ ಅವನ ಹಿಂದೆ ಹಮಾಲ, ಹಮಾಲನ ಹಿಂದೆ ಗುಮಾಸ್ತ. ಜನ್ಮದಲ್ಲಿ ಕಸಬರಿಗೆ ಮುಟ್ಟದ ಗಂಡಸರೆಲ್ಲ ಬಚ್ಚಲು ತೊಳೆಯತೊಡಗಿದರು. ಮಾಲು ಮುಗಿದು ಲಿಂಗಸುಗೂರಿನಿಂದ ತರಿಸಿದೆ. ಕಥೆ ಸುಳ್ಳೆಂದು ಹೇಳಬಹುದಿತ್ತು. ಆದರೆ ತಾನಾಗಿ ನಡೆಯುವ ವ್ಯಾಪಾರಕ್ಕೆ ಅಡ್ಡ ಬರುವವನು ವ್ಯಾಪಾರಿಯೇ ಅಲ್ಲ.

ಜವಳಗೇರಾದ ಗಿರಾಕಿಯೊಬ್ಬ ಮಾತ್ರ ಬೀಡಿ ಕಟ್ಟು ತೊಗೊಂಡು ಹೊರಟ. "ನಮ್ಮ ಓಣ್ಯಾಗ ಗಟಾರನ ಇಲ್ರಿ. ನಾವು ಆರಾಮ ಅದೀವಿ."

೩. ಮೂಗು

ವಾರದ ಮೇಲೆ ದರ್ಜಿಯ ಹೆಂಡತಿ ಬಂದಳು. ಕೈಯಲ್ಲಿ ಬಟ್ಟೆ ತುಂಬಿದ ಚೀಲ.

"ಅಣ್ಣಾರ, ಫಿನಾಯಿಲ್ ಯಾರ್ಯಾರು ಒಯ್ದಾರ, ಹೇಳ್ರಿ."

"ಗಿರಾಕಿ ಸುದ್ದಿ ಹೊರಗ ಹೇಳೋ ಪದ್ಧತಿ ಇಲ್ಲ ತಂಗಿ."

"ಬ್ಯಾಡ ಬಿಡ್ರಿ. ಓಣಿ ತುಂಬ ಮೂಸಿ ನೋಡೀನಿ. ಯಾರ ಬಚ್ಚಲ ಸ್ವಚ್ಛ ಐತೋ, ಆ ಮನ್ಯಾಗ ಕುಡುಕ ಅದಾನ. ನಮ್ಮ ಬಚ್ಚಲಂತೂ ದವಾಖಾನಿ ಆಗೇತಿ." ಹೊರಟವಳು ನಿಂತಳು. "ಆದ್ರ ಎಲ್ಲಾಕ್ಕಿಂತ ಜೋರು ವಾಸನಿ ನಿಮ್ಮ ಬಚ್ಚಲಕ್ಕೈತ್ರಿ."

ಹಿಂದಿನ ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. "ಅದು ನೀವ ಕಟ್ಟಿದ ಕಥಿ ಅಲ್ಲೇನ್ರಿ?"

"ಹೌದು. ಆದ್ರ ಅಷ್ಟು ಮಂದಿ ನಂಬಿದ್ರಲ್ಲ, ಖರೇನ ಇರಬೇಕು ಅನಿಸ್ತು."

ಆವತ್ತು ಮಸ್ಕಿ ಬಸ್ಸಿಗೆ ದರ್ಜಿಯ ಹೆಂಡತಿಯ ಜೊತೆ ನನ್ನ ಹೆಂಡತಿಯೂ ಹತ್ತಿದಳು. ದರ್ಜಿ ಅಂಗಡಿಗೆ ಬಂದು ನನ್ನ ಪಕ್ಕ ಕೂತ. ಆಮೇಲೆ ಕೇಳಿದ:

"ಸಾವ್ಕಾರ್ರ, ಅರ್ಧ ಬಾಟಲಿ ಫಿನಾಯಿಲ್ ಉಳದೈತಿ. ವಾಪಸ್ ತೊಗೋತೀರೇನ್ರಿ?"