ಶ್ಯಾಮಣ್ಣ ರೂಮು ಮಾಡಿದ್ದು

ಶ್ಯಾಮಣ್ಣನ ಅಂದಿನ ಸಂಕಟಕ್ಕೆಲ್ಲ ಮೂಲ ಒಂದೇ ಒಂದು ಮಾತು. ಬೆಳಿಗ್ಗೆ ಕಾಫಿ ಕುಡಿಯುತ್ತ ‘ಹೋಟೆಲು’ ಎನ್ನಬೇಕಾದ ಕಡೆ ಅವನು ‘ಲಾಡ್ಜು’ ಎಂದುಬಿಟ್ಟ.

ಸೊಪ್ಪು ಬಿಡಿಸುತ್ತ ಕೂತಿದ್ದ ಅವನ ಅವ್ವ ಚೂಡಾಮಣಿಯ ಕೈ ಅಲ್ಲೇ ನಿಂತಿತು.

“ಲಾಡ್ಜಾ? ಏನ್ಲಾ ಸ್ಯಾಮ, ಈ ವಯಸ್ನಲ್ಲಿ ನನ್ನ ಲಾಡ್ಜಿಗೆ ಕರ್ಕಂಡೋದೀಯಾ? ಛತ್ರದಲ್ಲಿ ಮಲಗಿವ್ನಿ, ಬಸ್‌ಸ್ಟ್ಯಾಂಡಲ್ಲಿ ಮಲಗಿವ್ನಿ. ಲಾಡ್ಜಲ್ಲಿ ಮಲಗಿದೋಳು ಅನ್ನಿಸ್ಕಂಡಿಲ್ಲ ಕಣಪ್ಪ.”

“ಲಾಡ್ಜಲ್ಲ ಕಣವ್ವ, ಹೋಟೆಲು.”

“ಓಟ್ಲಲ್ಲಿ ಯಾರಾರ ಮಲಗ್ತಾರಾ? ಓಟ್ಲಲ್ಲಿ ಇಡ್ಲಿ ತಿಂತಾರೆ.”

ವಿಷಯ ಇಷ್ಟೇ. ಬಿಡದಿ ಹತ್ತಿರ ಇರುವ ನೀರಾಟದ ಪಾರ್ಕಿಗೆ ಮಗಳು ಹರಿಪ್ರಿಯಾಳನ್ನು ಕರೆದುಕೊಂಡು ಹೋಗುತ್ತೇನೆಂದು ಶ್ಯಾಮಣ್ಣ ಮೂರು ಬೇಸಿಗೆಯಿಂದ ಹೇಳುತ್ತಲೇ ಇದ್ದ. ಅಜ್ಜಿ ತಾತ ಬರದಿದ್ದರೆ ತಾನೂ ಬರುವುದಿಲ್ಲವೆಂದು ಹುಡುಗಿಯ ಹಟ. ಮಳವಳ್ಳಿಯಿಂದ ಹೊರಟು ಒಂದೇ ದಿನದಲ್ಲಿ ಹೋಗಿಬರಲು ಅವ್ವನ ಸೊಂಟ ಒಪ್ಪದು, ಮಾವನವರ ಮಂಡಿ ಒಪ್ಪದು. ಹಾಗಾಗಿ ಶನಿವಾರ ರಾತ್ರಿ ಪಾರ್ಕಿನ ಹತ್ತಿರವೇ ಎಲ್ಲಾದರೂ ಉಳಿದು, ಭಾನುವಾರ ವಾಪಸು ಬರುವುದೆಂದು ತೀರ್ಮಾನವಾಗಿತ್ತು. ಎಲ್ಲಾದರೂ ಎಂದರೆ ಎಲ್ಲಿ ಎಂಬುದೊಂದೇ ಉಳಿದಿತ್ತು. ರಜಾ ಕಾಲ, ರೂಮುಗಳು ಬಿಸಿ ಬೋಂಡದ ಹಾಗೆ ಖಾಲಿಯಾಗುತ್ತಿದ್ದವು.

“ಇವತ್ತು ಸಂಜೆಯೊಳಗೆ ರೂಮ್ ಮಾಡಿ,” ಎಂದಳು ಹೆಂಡತಿ ಶುಭಾ. “ಈ ಸಲಾನೂ ತಪ್ಪಿತೋ, ನಾನು ಮಗಳನ್ನ ಕರ್ಕೊಂಡು ಬೆಳಕವಾಡಿಗೆ ಹೋಗ್ತೀನಿ. ರಜಾ ಮುಗಿಯೋವರೆಗೂ ತಾಯಿ ಮಗ ಇಬ್ಬರೇ ಅನ್ನ ಬೇಯಿಸ್ಕೊಂಡಿರಿ.”

ಶ್ಯಾಮಣ್ಣ ಸರಿ ಎಂದು ಫೋನು ತೆಗೆದ. ಅಷ್ಟರಲ್ಲಿ ಷರತ್ತುಗಳು ಶುರುವಾದವು.

“ನಂಗೆ ನೆಲದ ರೂಮೇ ಬೇಕು,” ಎಂದಳು ಅವ್ವ. “ಆ ಲಿಪ್ಟೊಳಿಕ್ಕೆ ನಾ ಕಾಲಿಡಕ್ಕಿಲ್ಲ. ಬೀರು ಒಳಗೆ ಕೂಡಾಕ್ದಂಗಾಯ್ತದೆ.”

ಬೆಳಕವಾಡಿಯಿಂದ ಮಾವ ಮರಿಸಿದ್ದಯ್ಯನವರ ಫೋನು ಬಂತು. ಅವರು ನಿವೃತ್ತ ಮೇಷ್ಟ್ರು. ಫೋನಿನಲ್ಲೂ ಪಾಠ ಹೇಳಿದ ಹಾಗೇ ಮಾತಾಡುತ್ತಿದ್ದರು. “ಅಳಿಯಂದಿರೇ, ಕಮೋಡು ಇರಬೇಕು. ನನ್ನ ಮಂಡಿ ಸರ್ಕಾರದ ಹಾಗೆ, ಬಗ್ಗೋದಿಲ್ಲ. ಬೆಳಗಿನ ಜಾವಕ್ಕೆ ಬಿಸಿನೀರೂ ಬರಬೇಕು.”

“ಅಪ್ಪಾ, ಈಜುಕೊಳ!” ಎಂದು ಕೂಗಿದಳು ಹರಿಪ್ರಿಯಾ.

“ದಿನವೆಲ್ಲ ನೀರಲ್ಲೇ ಬಿದ್ದಿರ್ತೀಯಲ್ಲೇ, ಮತ್ತೆ ಈಜುಕೊಳ ಯಾಕೆ?”

“ಅದು ಪಾರ್ಕ್ ನೀರಪ್ಪ. ಇದು ಹೋಟೆಲ್ ನೀರು.”

ಅಡುಗೆಮನೆಗೆ ಲೋಟ ಇಡಲು ಹೋದಾಗ ಶುಭಾ ದನಿ ತಗ್ಗಿಸಿ, “ಅತ್ತೆ ರೂಮು ನಮ್ಮ ರೂಮಿಗೆ ಸೇರಿಕೊಂಡಿರೋದು ಬೇಡ ರೀ. ಒಂದು ರಾತ್ರಿಯಾದರೂ ನೆಮ್ಮದಿಯಾಗಿ ಮಲಗ್ತೀನಿ,” ಎಂದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಅವ್ವ ಅವನ ತೋಳು ಹಿಡಿದು, “ನನ್ ರೂಮು ನಿಮ್ ರೂಮಿಗೆ ಅಂಟ್ಕಂಡೇ ಇರ್ಬೇಕು ಕಣ್ಲಾ. ರಾತ್ರಿ ಕೆಮ್ಮುದ್ರೆ ಸುಬಾಗೆ ಕೇಳ್ಬೇಕು,” ಎಂದಳು.

ಶ್ಯಾಮಣ್ಣ ಇಬ್ಬರಿಗೂ ತಲೆಯಾಡಿಸಿ ಬಸ್ಸು ಹತ್ತಿದ.

ಅವನಿಗೆ ಮದ್ದೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನ ಕೆಲಸ. ಯಾವ ಕಚೇರಿ ಎಂದು ಹೇಳಿದರೆ ಅವನ ಕೆಲಸಕ್ಕೇ ಕುತ್ತು, ಹೇಳದಿರುವುದೇ ವಾಸಿ. ಬಸ್ಸಿನಲ್ಲಿ ದಿನವೂ ಪಕ್ಕದಲ್ಲಿ ಕೂರುವವನು ನಿಜಾಮುದ್ದೀನ್. ಮದ್ದೂರಿನಲ್ಲಿ ಬೈಕು ರಿಪೇರಿ ಅಂಗಡಿ ಇಟ್ಟವನು. ಮನುಷ್ಯರನ್ನೂ ರಿಪೇರಿ ಮಾಡಬಲ್ಲೆನೆಂಬ ನಂಬಿಕೆ ಅವನಿಗೆ.

“ರೂಮ್ ಯಾಕ್ ಸಾರ್ ಮಾಡ್ತೀರ? ಚನ್ನಪಟ್ಣದಲ್ಲಿ ನಮ್ಮ ಷಡ್ಡಕನ ಮನೆ ಐತೆ. ನಾನು ಒಂದು ಮಾತ್ ಹೇಳುದ್ರೆ ಮನೇನೇ ಬುಟ್ಕೊಟ್ಟು ಅವ್ನು ಮಸೀದಿಗೋಗಿ ಮಲೀಕತಾನೆ.”

“ಈಜುಕೊಳ ಇದೆಯಾ?”

“ನೀರಿನ ತೊಟ್ಟಿ ಐತೆ. ದೊಡ್ದು.”

ಶ್ಯಾಮಣ್ಣ ನಯವಾಗಿ ನಕ್ಕು ಒಂದು ಹೋಟೆಲಿಗೆ ಫೋನು ಹಚ್ಚಿದ. ಬಸ್ಸು ರಾಗಿ ಮಿಲ್ಲಿನಂತೆ ಅರಚುತ್ತಿತ್ತು. ಆ ಕಡೆಯವನಿಗೆ ಏನೂ ಕೇಳುತ್ತಿರಲಿಲ್ಲ.

“ಹಲೋ! ಕಮೋಡು ಇದೆಯಾ? ಕಮೋಡು! ಕೂತ್ಕೊಳ್ಳೋದು!” ಎಂದು ಶ್ಯಾಮಣ್ಣ ಕಿರುಚಿದ. “ಇಲ್ಲಾರೀ, ಬಗ್ಗಕ್ಕೆ ಆಗಲ್ಲ! ಮೇಲೆ ಹತ್ತಕ್ಕೂ ಆಗಲ್ಲ! ನೆಲದಲ್ಲೇ ಆಗ್ಬೇಕು! ಇವತ್ತೇ ಹೇಳ್ಬೇಕು, ತಡ್ಕೊಳ್ಳೋಕಾಗಲ್ಲ!”

ಬಸ್ಸಿನವರೆಲ್ಲ ಅವನತ್ತ ತಿರುಗಿದರು. ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ಕಂಡಕ್ಟರು ಟಪಟಪನೆ ಬಸ್ಸು ಬಡಿದ.

“ಓಲ್ಡಾನ್! ಯಜಮಾನ್ರೆ, ಗಾಬರಿ ಆಗ್ಬ್ಯಾಡಿ. ಇಲ್ಲೇ ಪೆಟ್ರೋಲ್ ಬಂಕ್ ಐತೆ. ಓಗ್ಬನ್ನಿ, ಬಸ್ ನಿಂತಿರ್ತದೆ.”

“ಅಯ್ಯೋ, ನನಗಲ್ಲ ಕಣ್ರೀ—”

“ಓಗಿ ಸಾರ್, ನಾಚ್ಕೆ ಪಟ್ಕಂಡ್ರೆ ಜೀವಕ್ಕೆ ಅಪಾಯ,” ಎಂದು ನಿಜಾಮುದ್ದೀನ್ ಅವನ ಕೈಯ ಬ್ಯಾಗು ಕಸಿದುಕೊಂಡು ದಾರಿ ಬಿಟ್ಟ.

ನಲವತ್ತು ಜನಕ್ಕೆ ಮಾವನ ಮಂಡಿಯ ಕತೆ ವಿವರಿಸುವುದಕ್ಕಿಂತ ಇಳಿದುಬಿಡುವುದೇ ಸುಲಭವೆಂದು ಶ್ಯಾಮಣ್ಣ ಇಳಿದ. ಬಂಕಿನ ಹಿಂದೆ ಹೋಗಿ ಸುಮ್ಮನೆ ಒಂದು ಬೇವಿನ ಮರ ನೋಡಿಕೊಂಡು ನಿಂತು ವಾಪಸು ಬಂದ. ಬಸ್ಸಿನವರೆಲ್ಲ ಆಪರೇಷನ್ ಮುಗಿಸಿ ಬಂದವನನ್ನು ನೋಡುವಂತೆ ಕನಿಕರದಿಂದ ನೋಡಿದರು. ಒಬ್ಬ ಮುದುಕ ಎಲೆಅಡಿಕೆ ಚೀಲದಿಂದ ಚಿಟಿಕೆ ಓಂಕಾಳು ತೆಗೆದು ಅವನ ಅಂಗೈಗೆ ಹಾಕಿದ. ಶ್ಯಾಮಣ್ಣ ಅದನ್ನೂ ಅಗಿದ.

ಆ ಹೋಟೆಲಿನಲ್ಲಿ ರೂಮು ಇರಲಿಲ್ಲ.

ಕಚೇರಿಗೆ ಬಂದು ಅಲ್ಲಿನ ಫೋನಿನಿಂದಲೇ ಮತ್ತೆ ಮೂರು ಕಡೆ ವಿಚಾರಿಸಿದ. ಒಂದು ಕಡೆ ಈಜುಕೊಳವಿತ್ತು, ಆದರೆ ಅದು ಮಹಡಿಯ ಮೇಲಿತ್ತು. ಇನ್ನೊಂದು ಕಡೆ ನೆಲದ ಮೇಲೆ ರೂಮಿತ್ತು, ಪಕ್ಕದಲ್ಲೇ ಬಾರಿತ್ತು. ಮತ್ತೊಂದು ಕಡೆಯವನು ಎಲ್ಲವೂ ಇದೆ ಎಂದ. ಪಾರ್ಕಿನಿಂದ ಎಷ್ಟು ದೂರ ಎಂದರೆ ತುಮಕೂರು ರಸ್ತೆ ಎಂದ.

ಪಕ್ಕದ ಮೇಜಿನ ಸಿದ್ದರಾಮು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಯಾರ ಮನೆಯ ಮದುವೆಯಾದರೂ ತಾನೇ ಬೀಗನೆಂದು ಓಡಾಡುವ ಜಾತಿಯವನು.

“ಫೋನ್ ತತ್ತಾ ಇಲ್ಲಿ. ನೀನು ಕೇಳೋದು ಭಿಕ್ಷೆ ಬೇಡ್ದಂಗಿರ್ತದೆ ಕಣ್ಲಾ. ಗತ್ತು ಬೇಕು.”

ಆಗ ‘ಹೊಂಬೆಳಕು ರೆಸಿಡೆನ್ಸಿ’ ಎಂಬ ಹೋಟೆಲಿನ ಮ್ಯಾನೇಜರು ಲೈನಿನಲ್ಲಿದ್ದ. ಕೆಳಗಿನ ರೂಮುಗಳೆಲ್ಲ ಭರ್ತಿ ಎಂದು ಆಗಷ್ಟೇ ಹೇಳಿದ್ದ. ಸಿದ್ದರಾಮು ಫೋನು ಕಿತ್ತುಕೊಂಡು, ಎದೆಯುಬ್ಬಿಸಿ, ಗುಡುಗಿದಂತೆ ಹೇಳಿದ:

“ಹಲೋ, ಯಾರ್ರೀ ಮಾತಾಡೋದು? ನಾವು ಶಶಿರೇಖಾ ಮೇಡಂ ಆಫೀಸಿಂದ.”

ಶಶಿರೇಖಾ ಎಂದರೆ ಅವರ ಕಚೇರಿಯ ಅಧಿಕಾರಿ. ಆದರೆ ಯಾವ ಶಶಿರೇಖಾ ಮೇಡಂ, ಯಾವ ಆಫೀಸು ಎಂದು ಕೇಳುವ ಧೈರ್ಯ ಆ ಕಡೆಯವನಿಗೆ ಬರಲಿಲ್ಲ. ಬಂದದ್ದು ಒಂದು ಕೆಮ್ಮು, ಆಮೇಲೆ ಮೂರು ‘ಸಾರ್’.

ಶ್ಯಾಮಣ್ಣ ಅವನ ಅಂಗಿ ಜಗ್ಗಿದ. “ಲೇ, ಬ್ಯಾಡ ಕಣ್ಲಾ! ಗೊತ್ತಾದ್ರೆ?”

ಸಿದ್ದರಾಮು ಫೋನಿಗೆ ಕೈ ಮುಚ್ಚಿ, “ಸುಳ್ಳೇನ್ಲಾ ಏಳ್ದೆ? ಇದು ಮೇಡಂ ಆಫೀಸೇ ಅಲ್ವಾ?” ಎಂದು ಕಣ್ಣು ಹೊಡೆದ.

ಭರ್ತಿಯಾಗಿದ್ದ ರೂಮುಗಳು ಆ ಕ್ಷಣದಲ್ಲಿ ಖಾಲಿಯಾದವು. ಕೆಳಗಿನವೇ ಎರಡು ರೂಮು, ಎರಡಕ್ಕೂ ಕಮೋಡು, ಬಾಗಿಲು ತೆರೆದರೆ ಈಜುಕೊಳ, ಬೆಳಗಿನ ಜಾವಕ್ಕೆ ಬಿಸಿನೀರು. ಎರಡು ರೂಮುಗಳ ನಡುವೆ ಒಂದು ಬಾಗಿಲು. ಆ ಬಾಗಿಲಿಗೆ ಎರಡೂ ಕಡೆಯಿಂದ ಚಿಲಕ. ಇದನ್ನು ಕೇಳಿದಾಗ ಶ್ಯಾಮಣ್ಣನ ಕಣ್ಣು ತುಂಬಿಬಂತು. ಅವ್ವನಿಗೆ ಬಾಗಿಲು, ಹೆಂಡತಿಗೆ ಚಿಲಕ! ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಅವನಿಗೆ ಹೊಳೆಯದ ಉಪಾಯವನ್ನು ಯಾವನೋ ಬಡಗಿ ಮಾಡಿಟ್ಟಿದ್ದ.

“ಮೇಡಂ ಹೆಸರಲ್ಲೇ ಬರ್ಕಳ್ರೀ. ಏನಾದ್ರೂ ಇದ್ರೆ ಇಲ್ಲಿ ಶ್ಯಾಮಣ್ಣ ಅಂತ ಇದಾರೆ, ಅವರನ್ನ ಕೇಳಿ,” ಎಂದು ಸಿದ್ದರಾಮು ಫೋನಿಟ್ಟ.

ಶ್ಯಾಮಣ್ಣ ಅವನಿಗೆ ವಡೆ ಕೊಡಿಸಿದ. ಮನೆಗೆ ಫೋನು ಮಾಡಿ ಎಲ್ಲವೂ ಸಿಕ್ಕಿತೆಂದು ಹೇಳಿದ. ಆ ಕಡೆಯಿಂದ ಹರಿಪ್ರಿಯಾ ಕಿರುಚಿದ್ದು ಮೇಜಿನ ಮೇಲಿನ ಕಾಗದ ಹಾರುವಷ್ಟಿತ್ತು. ಶುಭಾ, “ನೀವು ಮನಸ್ಸು ಮಾಡಿದ್ರೆ ಮಾಡ್ತೀರಿ ಕಣ್ರೀ,” ಎಂದಳು. ಅಂಥ ಮಾತು ಅವಳ ಬಾಯಲ್ಲಿ ಅವನು ಕೇಳಿ ಬಹಳ ಕಾಲವಾಗಿತ್ತು.

ಊಟವಾಗಿ ಸ್ವಲ್ಪ ಹೊತ್ತಿಗೆ ಕಚೇರಿಯ ಅದೇ ನಂಬರಿಗೆ ಕರೆ ಬಂದು ಮೇಡಂ ಕೋಣೆಯ ಫೋನು ಬಡಿದುಕೊಂಡಿತು. ಸಾಮಾನ್ಯವಾಗಿ ಅರ್ಧ ನಿಮಿಷದಲ್ಲಿ ಮುಗಿಯುವ ಅವರ ಮಾತು ಅವತ್ತು ಮುಗಿಯಲೇ ಇಲ್ಲ. ತೆರೆದ ಬಾಗಿಲಿನಿಂದ ‘ಹೊಂಬೆಳಕಾ?’ ಎಂಬ ಒಂದು ಪದ ಹೊರಗೆ ಬಂದು ನೇರವಾಗಿ ಶ್ಯಾಮಣ್ಣನ ಮೇಜಿಗೆ ಬಿತ್ತು. ತಿರುಗಿ ನೋಡಿದರೆ ಸಿದ್ದರಾಮುವಿನ ಕುರ್ಚಿ ಖಾಲಿ.

“ಶ್ಯಾಮಣ್ಣನವರೇ, ಒಳಗೆ ಬನ್ನಿ. ಬಾಗಿಲು ಹಾಕಿ.”

ಶಶಿರೇಖಾ ಮೇಡಂ ನಗುವ ಹೆಂಗಸಲ್ಲ. ಅವರು ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರೆ ತಪ್ಪು ಮಾಡದವನೂ ಒಪ್ಪಿಕೊಳ್ಳುತ್ತಿದ್ದ.

“ಬಿಡದಿ ಹೋಟೆಲಿನವರು ಫೋನ್ ಮಾಡಿದ್ದರು. ಶನಿವಾರ ನಾನು ಎಷ್ಟು ಹೊತ್ತಿಗೆ ಬರ್ತೀನಿ, ಹಿರಿಯರಿಗೆ ಬಿಸಿನೀರು ಯಾವಾಗ ಕಳಿಸಬೇಕು ಅಂತ ಕೇಳಿದರು. ನೆಲಮಟ್ಟದ ರೂಮು, ಕಮೋಡು, ಈಜುಕೊಳ, ಎರಡೂ ಕಡೆ ಚಿಲಕ! ಇದೆಲ್ಲ ಹೇಳಿದ್ದು ಯಾರು ಅಂದರೆ ನಿಮ್ಮ ಹೆಸರು ಹೇಳಿದರು.”

ಶ್ಯಾಮಣ್ಣನ ಕಣ್ಣ ಮುಂದೆ ಬೀದರಿಗೆ ಹೋಗುವ ಬಸ್ಸು ಬಂದು ನಿಂತಿತು.

ಮೇಡಂ ಕನ್ನಡಕ ತೆಗೆದರು. ಕಣ್ಣೊರೆಸಿಕೊಂಡರು.

“ನಮ್ಮ ಮನೆ ವಿಷಯ ನಿಮಗೆ ಹೇಗೆ ಗೊತ್ತಾಯ್ತು?”

“ಹಾಂ?”

“ಮಕ್ಕಳು ಅದೇ ಪಾರ್ಕಿಗೆ ಹೋಗಬೇಕು ಅಂತಾರೆ. ನಮ್ಮ ಅತ್ತೆ ಲಿಫ್ಟ್ ಹತ್ತಲ್ಲ. ನಮ್ಮ ತಂದೆಗೆ ಮಂಡಿ ಆಪರೇಷನ್ ಆಗಿದೆ. ಒಂದು ವಾರದಿಂದ ನಾನು ನಮ್ಮ ಯಜಮಾನರು ಈ ಹೋಟೆಲ್ ವಿಷಯಕ್ಕೇ ಮಾತು ಬಿಟ್ಟಿದ್ದೀವಿ. ನಾನೂ ಒಂದು ಮನೆ ಸೊಸೆ ಅನ್ನೋದು ಈ ಕಚೇರಿಯಲ್ಲಿ ಯಾರಿಗೂ ನೆನಪಿಲ್ಲ ಅಂದುಕೊಂಡಿದ್ದೆ. ಆ ಚಿಲಕ… ಅದು ಹೇಗ್ರೀ ಹೊಳೀತು ನಿಮಗೆ?”

“ಮೇಡಂ, ಅದು… ನಿಮಗೋಸ್ಕರ ಅಲ್ಲ ಮೇಡಂ, ಅದು—”

“ಹಿರಿಯರಿಗೋಸ್ಕರ ಮಾಡಿದ್ದು ಅಂತೀರಿ. ಗೊತ್ತು. ಅದು ನಿಮ್ಮ ದೊಡ್ಡತನ.”

ನಿಜ ಹೇಳಿದರೆ ಅವರ ಹೆಸರು ಬಳಸಿಕೊಂಡದ್ದನ್ನೂ ಹೇಳಬೇಕು. ಶ್ಯಾಮಣ್ಣ ಕೈ ಮುಗಿದ.

“ಬಾಡಿಗೆ ಈಗಲೇ ಫೋನಲ್ಲಿ ಕಳಿಸಿಬಿಟ್ಟೆ. ನೀವು ಕೈಯಿಂದ ಹಾಕೋದು ಸರಿಯಲ್ಲ,” ಎಂದು ಮೇಡಂ ಮೊದಲ ಸಲ ನಕ್ಕರು. “ಇನ್ನೊಂದು ಉಪಕಾರ ಕೇಳ್ಲಾ? ನಾವೆಲ್ಲ ಪಾರ್ಕಿಗೆ ಹೋದಾಗ ನಮ್ಮ ಅತ್ತೆ, ತಂದೆ ಇಬ್ಬರೇ ರೂಮಲ್ಲಿರ್ತಾರೆ. ಹಿರಿಯರ ಮನಸ್ಸು ಇಷ್ಟು ಬಲ್ಲವರು ಜೊತೆಗಿದ್ದರೆ ನನಗೆ ಧೈರ್ಯ. ಬಲವಂತ ಇಲ್ಲ, ನೋಡಿ.”

ಬಲವಂತ ಇಲ್ಲ ಎಂದು ಮೇಲಧಿಕಾರಿ ಹೇಳಿದ ಮೇಲೆ ಗುಮಾಸ್ತ ಏನು ಹೇಳಿಯಾನು? “ಆಗ್ಲಿ ಮೇಡಂ,” ಎಂದ.

ಹೊರಗೆ ಸಿದ್ದರಾಮು ಕಂಬದ ಮರೆಯಲ್ಲಿ ಕಾಯುತ್ತಿದ್ದ. “ಏನಂದ್ರ್‌ಲಾ?”

“ಒಗಳುದ್ರು,” ಎಂದ ಶ್ಯಾಮಣ್ಣ.

“ನೋಡ್ದಾ? ನಾನ್ ಏಳ್ಲಿಲ್ವಾ, ಗತ್ತು ಬೇಕು ಅಂತ!”

ಸಂಜೆ ಬಸ್ಸಿನಲ್ಲಿ ಸಿಕ್ಕಸಿಕ್ಕ ಹೋಟೆಲಿಗೆಲ್ಲ ಫೋನು ಮಾಡಿದ. ಈ ಸಲ ಪಿಸುಮಾತಿನಲ್ಲಿ. ಶನಿವಾರಕ್ಕೆ ಎಲ್ಲೂ ಒಂದು ಚಾಪೆಯೂ ಉಳಿದಿರಲಿಲ್ಲ. ಕೊನೆಗೆ ಮಾನ ಬಿಟ್ಟು ನಿಜಾಮುದ್ದೀನನ ಷಡ್ಡಕನನ್ನೂ ವಿಚಾರಿಸಿದ. ಆತ ಮನೆಯನ್ನು ಆಗಲೇ ಒಂದು ಮದುವೆಯ ದಿಬ್ಬಣಕ್ಕೆ ಬಿಟ್ಟುಕೊಟ್ಟಿದ್ದ.

ಮನೆಗೆ ಬಂದರೆ ಬಾಗಿಲಲ್ಲೇ ಅವ್ವ. ಪಾರ್ಕಿನಲ್ಲಿ ನೈಲಾನು ಬಟ್ಟೆಯನ್ನೇ ಹಾಕಬೇಕೆಂದು ಮೊಮ್ಮಗಳು ಹೇಳಿದ್ದಕ್ಕೆ, ಪೆಟ್ಟಿಗೆಯ ತಳದಿಂದ ಅದ್ಯಾವ ಕಾಲದ್ದೋ ಗಿಳಿಹಸಿರು ನೈಲಾನು ಸೀರೆ ತೆಗೆದು ಉಟ್ಟು, ನೆರೆಮನೆಯವರಿಗೆಲ್ಲ ತೋರಿಸಿ ಬಂದಿದ್ದಳು. ಒಳಗೆ ಹರಿಪ್ರಿಯಾ ಹಾಸಿಗೆಯ ಮೇಲೆ ಬೋರಲು ಬಿದ್ದು ಈಜು ಕಲಿಯುತ್ತಿದ್ದಳು. ಮಾವ ಬೆಳಕವಾಡಿಯಿಂದ ಚೀಲದ ಸಮೇತ ಬಂದಾಗಿತ್ತು.

ಶುಭಾ ಅವನ ಮುಖ ನೋಡಿದಳು. “ಯಾಕ್ರೀ ಹಿಂಗಿದೀರಿ? ರೂಮ್ ಕ್ಯಾನ್ಸಲ್ ಆಯ್ತಾ?”

“ಇಲ್ಲ ಇಲ್ಲ. ರೂಮು ಗಟ್ಟಿಯಾಗೇ ಐತೆ.”

“ಮತ್ತೆ? ಶನಿವಾರ ಹೋಗ್ತಿಲ್ವಾ?”

“ಹೋಗ್ತೀನಿ.”

“ಹೋಗ್ತೀನಿ ಅಂದ್ರೆ? ಯಾರ ಜೊತೆ?”

ಶ್ಯಾಮಣ್ಣ ಚಪ್ಪಲಿ ಬಿಡದೆ ಹೊಸ್ತಿಲಾಚೆಗೇ ನಿಂತು, ಓಡಲು ಅನುಕೂಲವಾಗುವಂತೆ ಬೀದಿಯ ಕಡೆ ಅರ್ಧ ತಿರುಗಿಕೊಂಡು ಹೇಳಿದ:

“ಇನ್ನೊಬ್ಬರ ಅತ್ತೆ ಜೊತೆ.”