ಒಬ್ಬಂಟಿಯಾಗಿ ಯಾರೂ ಇಲ್ಲ

ರಾಣೆಬೆನ್ನೂರಿನ ಪ್ರಸನ್ನಚಿತ್ತ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಯಾರನ್ನೂ ಕೂಡಿಹಾಕುವುದಿಲ್ಲ ಎಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ. ಹೊರಗಿನಿಂದ ಚಿಲಕ ಹಾಕುವ ಕೋಣೆಯೊಂದಿದೆ, ನಿಜ. ಅದರ ಹೆಸರು ಶಾಂತಿಧಾಮ.

ಅಲ್ಲಿ ಬ್ಯಾಡಗಿಯ ಅಸ್ಲಮ್ ಎರಡು ವರ್ಷದಿಂದ ಶಾಂತಿ ಪಡೆಯುತ್ತಿದ್ದಾನೆ. ವಯಸ್ಸು ಇಪ್ಪತ್ತಾರು, ಆಟಿಸಂ, ಮಾತು ಕಡಿಮೆ. ಮನೆಯಲ್ಲಿದ್ದಾಗ ತಾಯಿ ರಸೂಲಬಿಯ ಪಕ್ಕ ಕುಳಿತು ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ. ಒಂದು ಕಾಯಿಯೂ ಮುರಿಯುತ್ತಿರಲಿಲ್ಲ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಹಾರ್ನ್ ಕೇಳಿ ಕಿವಿ ಮುಚ್ಚಿಕೊಂಡು ಕಿರುಚಿದ. ಹದಿನೈದು ದಿನದ ತಪಾಸಣೆಗೆಂದು ಕರೆತಂದರು.

ಕೇಂದ್ರದಲ್ಲಿ ಊಟಕ್ಕೆ ಗಂಟೆ ಬಾರಿಸುವ ಪದ್ಧತಿಯಿದೆ. ಗಂಟೆ ಇರುವುದು ಶಾಂತಿಧಾಮದ ಬಾಗಿಲ ಮೇಲೆಯೇ. ಅದನ್ನು ಬಾರಿಸಿದೊಡನೆ ಅಸ್ಲಮ್ ಬಾಗಿಲು ಬಡಿಯುತ್ತಾನೆ. ನಿಯಮ ನಾಲ್ಕರ ಪ್ರಕಾರ, ಇಡೀ ದಿನ ಬಾಗಿಲು ಬಡಿಯದವನನ್ನು ಮಾತ್ರ ಮನೆಗೆ ಬಿಡತಕ್ಕದ್ದು.

“ಸಾಹೇಬ್ರ, ಆ ಗಂಟಿ ಒಂದ್ ದಿನ ಬಾರಿಸಬ್ಯಾಡ್ರಿ. ನನ್ನ ಮಗ ಸುಮ್ನ ಇರ್ತಾನ,” ಎಂದಳು ರಸೂಲಬಿ.

ಮೇಲ್ವಿಚಾರಕ ಅಣ್ಣಾಜಿಯವರು ಸಜ್ಜನರು, ಸಿಟ್ಟಾಗಲಿಲ್ಲ. “ಗಂಟಿ ಬಾರಿಸದಿದ್ರ ಅವನ ರೋಗ ನಮಗ ಹೆಂಗ ಗೊತ್ತಾಗಬೇಕವ್ವಾ?” ಎಂದರು.

ಅಷ್ಟರಲ್ಲಿ ಹಾವೇರಿಯಿಂದ ತಪಾಸಣಾ ಸಮಿತಿಯ ಪತ್ರ ಬಂತು. ಯಾವ ರೋಗಿಯನ್ನೂ ಕೋಣೆಯಲ್ಲಿ ಒಬ್ಬಂಟಿಯಾಗಿ ಇಡಬಾರದಂತೆ. ಅಣ್ಣಾಜಿಯವರಿಗೆ ಅತ್ತ ದರಿ, ಇತ್ತ ಪುಲಿ. ಚಿಲಕವನ್ನೇ ಕಿತ್ತುಹಾಕಬಹುದಿತ್ತು, ಆದರೆ ಚಿಲಕ ಕೀಳುವ ಅರ್ಜಿಯ ನಮೂನೆ ಇನ್ನೂ ಅಚ್ಚಾಗಿರಲಿಲ್ಲ. ಆದ್ದರಿಂದ ಮಂಗಳವಾರ ಮಗನನ್ನು ನೋಡಲು ಬಂದ ರಸೂಲಬಿಗೆ ಅವರು ತಾವೇ ಬಾಗಿಲು ತೆರೆದರು.

“ಒಳಗ ಹೋಗ್ರಿ, ಕುಂದ್ರಿ. ಎಷ್ಟ್ ಹೊತ್ತು ಬೇಕಾದ್ರೂ ಮಾತಾಡ್ರಿ.”

ಎರಡು ವರ್ಷ ಕಿಂಡಿಯಿಂದಷ್ಟೇ ಮಗನ ಮುಖ ಕಂಡಿದ್ದ ತಾಯಿ ಅಳುತ್ತಲೇ ಒಳಹೊಕ್ಕಳು. ಹಿಂದೆ ಚಿಲಕ ಬಿತ್ತು.

ಅಂದೇ ತಪಾಸಣೆಗೆ ಬಂದ ಸಮಿತಿಯ ಪ್ರಿಯಂವದಾ ಮೇಡಂ ಕಿಂಡಿಯಿಂದ ತಲೆ ಎಣಿಸಿದರು. “ಇಬ್ಬರದಾರ. ಭಾಳ ಚಲೋ ವ್ಯವಸ್ಥಾ ಮಾಡೀರಿ,” ಎಂದು ಮೆಚ್ಚುಗೆ ಬರೆದು ಹೋದರು.

ಊಟದ ಗಂಟೆ ಬಾರಿಸಿದರು. ರಸೂಲಬಿ ಎರಡೂ ಅಂಗೈಗಳಿಂದ ಮಗನ ಕಿವಿ ಮುಚ್ಚಿದಳು. ಅಸ್ಲಮ್ ಬಾಗಿಲು ಬಡಿಯಲಿಲ್ಲ. ಇಡೀ ದಿನ ಬಡಿಯಲಿಲ್ಲ. ಎರಡು ವರ್ಷದಲ್ಲಿ ಅವನಿಗೆ ಬೇಕಾಗಿದ್ದ ಔಷಧಿ ಅದೊಂದೇ.

ನಿಯಮ ನಾಲ್ಕರಂತೆ ಬಿಡುಗಡೆಯ ಆದೇಶ ಹೊರಟಿತು. ಕೊರತೆ ಒಂದೇ: ಪೋಷಕರು ಕಚೇರಿಗೆ ಖುದ್ದಾಗಿ ಬಂದು ಸಹಿ ಮಾಡಬೇಕು. ಪೋಷಕಿ ಒಳಗಿದ್ದಳು.

“ನನ್ನ ಹೊರಗ ಬಿಡ್ರಿ, ಸಹಿ ಮಾಡ್ತೇನಿ!” ಎಂದು ರಸೂಲಬಿ ಬಾಗಿಲು ಬಡಿಯತೊಡಗಿದಳು.

ಅಣ್ಣಾಜಿಯವರು ವಿಷಾದದಿಂದ ದಾಖಲಿಸಿದರು: ‘ಬಾಗಿಲು ಬಡಿಯುವ ಲಕ್ಷಣ ತಾಯಿಯಿಂದ ಬಂದದ್ದು. ಇಬ್ಬರಿಗೂ ನಿಯಮ ನಾಲ್ಕು ಅನ್ವಯ.’

ಈಗ ತಂದೆ ಕಾಸೀಮಸಾಬರಿಗೆ ಪತ್ರ ಹೋಗಿದೆ. ಸಹಿಗೆ ಬರುವಾಗ ಹಾಸಿಗೆ ತರತಕ್ಕದ್ದು. ಅವರು ಹಾಸಿಗೆಯ ಜೊತೆ ಒಂದು ಚೀಲ ಮೆಣಸಿನಕಾಯಿಯನ್ನೂ ಬಸ್ಸಿಗೇರಿಸಿದರು.

“ಆಸ್ಪತ್ರಿಗೆ ಮೆಣಸಿನಕಾಯಿ ಯಾಕ ಚಾಚಾ?” ಎಂದ ಕಂಡಕ್ಟರ್.

“ಮೂರೂ ಮಂದಿ ಒಂದ ಕಡೆ ಇರ್ತೇವಲ್ಲಪಾ,” ಎಂದರು ಕಾಸೀಮಸಾಬ, “ಕೈಗೆ ಕೆಲಸ ಬೇಕಲ್ಲ.”