ಮೇಸ್ತ್ರಿಯ ಅರ್ಜಿ ಮತ್ತು ನನ್ನ ಕೆಂಪು ಶಾಯಿ

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಬೇರೆ ಕೆಲಸ ನೆನಪಾಗುತ್ತದೆ. ಒಮ್ಮೆ ಕನ್ನಡಕ ಒರೆಸಿದೆ, ಒಮ್ಮೆ ಮೆಣಸು ಒಣಗಿತೇ ಎಂದು ನೋಡಿ ಬಂದೆ. ಹೀಗೇ ವರ್ಷಗಳು ಕಳೆದವು. ತಪ್ಪೊಪ್ಪಿಕೊಳ್ಳಬೇಕಾದವನಿಗೆ ಮನೆಗೆಲಸದಲ್ಲಿ ಹುಟ್ಟುವ ಈ ಶ್ರದ್ಧೆ ಪ್ರಾಯದಲ್ಲೇ ಹುಟ್ಟಿದ್ದರೆ ನನ್ನ ಹೆಂಡತಿ ಸುಖಪಡುತ್ತಿದ್ದಳು.

ಮಾದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್, ಅಂದರೆ ಲೆಕ್ಕಪತ್ರದ ಗುಮಾಸ್ತ, ಆಗಿದ್ದೆ. ಎಸ್‌ಎಸ್‌ಎಲ್‌ಸಿಯಲ್ಲಿ ಇಂಗ್ಲಿಷನ್ನು ಹೇಗೋ ದಾಟಿದವನು. ಆದರೆ ಎಸ್ಟೇಟಿನ ಒಡೆಯರಾದ ಸಾಹುಕಾರರಿಗೆ ಕನ್ನಡ ಓದಲು ಬಾರದು. ತಿಂಗಳಿಗೊಮ್ಮೆ ಬಂದು, ನಾನು ಫೈಲಿನಲ್ಲಿಟ್ಟ ಇಂಗ್ಲಿಷ್ ಅರ್ಜಿಗಳಿಗೆ ಸಹಿ ಹಾಕಿ ಹೋಗುತ್ತಿದ್ದರು. ಹೀಗಾಗಿ ಇನ್, ಆನ್, ಅಟ್ ಎಂಬ ಮೂರು ಪುಟ್ಟ ಪದಗಳ ಮೇಲೆ ನನ್ನ ಇಡೀ ದೊಡ್ಡಸ್ತಿಕೆ ನಿಂತಿತ್ತು. ಯಾವುದು ಎಲ್ಲಿಗೆ ಎಂಬುದು ನನಗೆ ಇಂದಿಗೂ ಖಚಿತವಿಲ್ಲ. ಖಚಿತವಿಲ್ಲದ್ದನ್ನು ಗಟ್ಟಿಯಾಗಿ ಹೇಳಿದರೆ ಜನ ನಂಬುತ್ತಾರೆ ಎಂಬುದು ಮಾತ್ರ ಗೊತ್ತಿತ್ತು.

ಆ ವರ್ಷ ನಿವೃತ್ತರಾಗಲಿದ್ದ, ಆಳುಗಳಿಂದ ಕೆಲಸ ಮಾಡಿಸುವ ಮೇಸ್ತ್ರಿಯವರು ಒಂದು ಅರ್ಜಿಯನ್ನು ತಾವೇ ಇಂಗ್ಲಿಷಿನಲ್ಲಿ ಬರೆದು ತಂದರು. ಅವರ ಹೆಂಡತಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದರು. ಆಕೆ ಎದ್ದು ನಡೆಯುವವರೆಗೆ, ಒಂದು ಮೂರು ತಿಂಗಳು, ಕೆಲಸ ಬಿಟ್ಟೊಡನೆ ಖಾಲಿ ಮಾಡಬೇಕಾದ ಎಸ್ಟೇಟಿನ ಲೈನ್ ಮನೆಯಲ್ಲೇ ಇರಲು ಅನುಮತಿ ಬೇಕಿತ್ತು. ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿಸಿ ತೂಕಕ್ಕೆ ನಿಂತ ಹೆಣ್ಣಾಳುಗಳೆದುರು ನಾನದನ್ನು ರಾಗವಾಗಿ ಓದಿದೆ. ಅವರಿಗೆ ಇಂಗ್ಲಿಷು ಬಾರದು. ನಾನು ನಕ್ಕಲ್ಲಿ ಅವರೂ ನಕ್ಕರು.

“ಮೇಸ್ತ್ರಿ ನಾಳೆಯಿಂದ ಇಂಗ್ಲಿಷಲ್ಲೇ ಬಯ್ತಾರೆ ಕಣೇ,” ಎಂದಳೊಬ್ಬಳು.

“ಒಳ್ಳೇದೇ ಆಯ್ತು ಬಿಡು, ಅರ್ಥ ಆಗಲ್ವಲ್ಲ,” ಎಂದಳು ಪಕ್ಕದವಳು.

ಮೇಸ್ತ್ರಿ ತಲೆ ತಗ್ಗಿಸಿ, “ತಪ್ಪಿದ್ರೆ ಒಳಗೆ ಕರ್ದು ಹೇಳಿ ರೈಟ್ರೇ. ನಾಳೆ ಇವ್ರ ಹತ್ರ ಕೆಲ್ಸ ತೆಗೀಬೇಕಾದವ ನಾನು,” ಎಂದರು.

ಕೆಂಪು ಶಾಯಿಯಲ್ಲಿ ಅವರ ‘ಇನ್’ ಹೊಡೆದು ‘ಅಟ್’ ಮಾಡಿದೆ. ಮರುದಿನ ಸಂಶಯ ಬಂದು ‘ಆನ್’ ಮಾಡಿದೆ. ಅದರ ಮರುದಿನ ಮತ್ತೆ ‘ಇನ್’. ಯಾರನ್ನು ಕೇಳಲಿ? ಇಡೀ ಎಸ್ಟೇಟು ನನ್ನನ್ನೇ ಕೇಳುತ್ತಿತ್ತು. ಗೀಚಿ ಕೆಟ್ಟ ಅರ್ಜಿಯನ್ನು ಹೊಸ ಹಾಳೆಗೆ ಇಳಿಸಿದರೆ ಅದಕ್ಕೆ ಮೇಸ್ತ್ರಿಯ ಸಹಿ ಬೇಕು. ಸಹಿ ಕೇಳಿದರೆ ಅವರು ಬರೆದದ್ದೇ ಸರಿಯಿತ್ತು ಎಂದು ಒಪ್ಪಬೇಕು. ಸಾಹುಕಾರರು ಬಂದ ದಿನ ಅರ್ಜಿ ನನ್ನ ಡ್ರಾಯರಿನಲ್ಲೇ ಉಳಿಯಿತು. ಮೇಸ್ತ್ರಿಗೆ, “ಕೊಟ್ಟೆ ಮಾರಾಯ್ರೇ, ಆಗಲ್ಲ ಅಂದ್ಬಿಟ್ರು,” ಎಂದೆ.

ತಿಂಗಳ ಕೊನೆಗೆ, ಮೇಸ್ತ್ರಿ ನಿವೃತ್ತರಾಗಿ ಮನೆ ಬಿಟ್ಟ ದಿನ, ಅವರ ಹೆಂಡತಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಜೀಪಿನವರೆಗೆ ಹೊತ್ತೊಯ್ದರು. ಏರಿನಲ್ಲಿ ಕುರ್ಚಿ ವಾಲಿದಾಗ ಆಕೆ ಕೂಗಿದ್ದು ಆಫೀಸಿಗೆ ಕೇಳಿಸಿತು. ಮೇಸ್ತ್ರಿ ಬಂದು ಕೈಮುಗಿದು, “ನೀವು ಹೇಳಿ ನೋಡಿದ್ರಲ್ಲ ರೈಟ್ರೇ, ಅಷ್ಟೇ ಸಾಕು,” ಎಂದರು.

ಮುಂದಿನ ತಿಂಗಳು ಸಾಹುಕಾರರು ಯಾವುದೋ ಕಾಗದ ಹುಡುಕುತ್ತ ನನ್ನ ಡ್ರಾಯರು ಎಳೆದರು. ಅರ್ಜಿ ಓದಿ, ಕೊಟ್ಟಿದ್ದರೆ ಸಹಿ ಹಾಕುತ್ತಿದ್ದೆನಲ್ಲ ಎಂದರು. ‘ಇನ್’, ‘ಅಟ್’ ಯಾವುದೂ ಅವರ ಗಮನಕ್ಕೇ ಬರಲಿಲ್ಲ. ಈ ಕೆಂಪು ಗೀಚಾಟ ಯಾರದು ಎಂದಷ್ಟೇ ಕೇಳಿದರು.

“ಮೇಸ್ತ್ರೀದೇ ಸಾರ್. ಸರಿಯಾಗಿ ಬರ್ದು ತರ್ತೀನಿ ಅಂದಿದ್ರು, ತರ್ಲೇ ಇಲ್ಲ,” ಎಂದೆ.

ಮೇಸ್ತ್ರಿಯ ಹೆಂಡತಿ ಮತ್ತೆ ಎದ್ದು ನಡೆಯಲಿಲ್ಲವಂತೆ. ಮೇಸ್ತ್ರಿ ಈಗ ಮೂರ್ನಾಡಿನಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಎರಡು ಸಲ ಅಲ್ಲಿಯವರೆಗೆ ಹೋಗಿ, ಬಸ್‌ಸ್ಟಾಂಡಿನಲ್ಲಿ ಚಹಾ ಕುಡಿದು ವಾಪಸಾದೆ. ಕಾಗದ ಬರೆಯೋಣವೆಂದರೆ, ಕನ್ನಡವನ್ನು ತಪ್ಪಿಲ್ಲದೆ ಬರೆಯಬಲ್ಲೆನಾದ್ದರಿಂದ ಯಾವ ನೆಪವೂ ಸಿಗುತ್ತಿಲ್ಲ. ಇಲ್ಲಿಯೂ ಮೇಸ್ತ್ರಿ, ಮೇಸ್ತ್ರಿ ಎಂದೇ ಬರೆದು ಜಾರಿಕೊಳ್ಳುತ್ತ ಬಂದೆ. ಹೆಸರು ಬರೆದರೆ ಅದರ ಮುಂದಿನ ಸಾಲನ್ನೂ ಬರೆಯಲೇಬೇಕಾದೀತು ಎಂಬ ಭಯ. ಅವರ ಹೆಸರು ಪುಟ್ಟಸ್ವಾಮಿ.